ಕರಕರವೋ, ಗರಗರವೋ

ಗುರುಪಾದ ಕಾಕಾ ಯಾರ ಕಾರು ಹತ್ತಿದರೂ ಚಪ್ಪಲಿಯನ್ನು ರಸ್ತೆಯ ಮೇಲೆ ಬಿಟ್ಟೇ ಹತ್ತುತ್ತಿದ್ದರು. ಕಾರು ಓಣಿಯ ತುದಿಗೆ ಹೋಗಿ ತಿರುಗಿ ಬರುವವರೆಗೆ ಆ ಜೋಡಿ ಚಪ್ಪಲಿ ಅಲ್ಲೇ ಬಿದ್ದಿರುತ್ತಿತ್ತು. ಸೈಕಲ್ಲಿನವರು ಅದನ್ನು ಸುತ್ತುಹಾಕಿ ಹೋಗುತ್ತಿದ್ದರು. ನೋಡಿದವರು ಇದು ಭಕ್ತಿ ಎಂದುಕೊಳ್ಳುತ್ತಿದ್ದರು. ಹೊಸ ಗಾಡಿಗೆ ನಿಂಬೆಹಣ್ಣು ಕಟ್ಟಿ ಗಾಲಿಗೆ ಕುಂಕುಮ ಹಚ್ಚುವ ಊರಿನಲ್ಲಿ ಹಾಗೆ ಅಂದುಕೊಂಡರೆ ತಪ್ಪೂ ಅಲ್ಲ. ನಾನು ಮಾತ್ರ ಸುಮ್ಮನೆ ಅಂದುಕೊಂಡು ಬಿಡಲಿಲ್ಲ. ಜಮಖಂಡಿಯ ಕಾಲೇಜಿನ ಚರ್ಚಾ ಸ್ಪರ್ಧೆಯೊಂದರಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡುತ್ತ, ‘ನಮ್ಮ ಓಣಿಯ ಹಿರಿಯರೊಬ್ಬರು ಕಬ್ಬಿಣದ ಡಬ್ಬಿಗೂ ಚಪ್ಪಲಿ ಬಿಟ್ಟು ನಮಸ್ಕರಿಸುತ್ತಾರೆ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಬಹುಮಾನದ ಕಪ್ಪು ಕೂಡ ಸಿಕ್ಕಿತು. ಉದಾಹರಣೆ ತಪ್ಪು ಎಂದು ತಿಳಿಯಲು ಎರಡು ವರ್ಷ ಹಿಡಿಯಿತು.

ಕಾಕಾ ನಮ್ಮ ಮನೆಯಿಂದ ಮೂರನೆಯ ಮನೆಯವರು. ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ನಲವತ್ತು ವರ್ಷ ಜಾಬರ್ ಆಗಿದ್ದವರು. ಜಾಬರ್ ಅಂದರೆ ಕೆಟ್ಟ ಮಗ್ಗವನ್ನು ರಿಪೇರಿ ಮಾಡಿ ಮತ್ತೆ ಓಡಿಸುವವನು. ಕೆಲಸ ಬಿಟ್ಟ ಮೇಲೆ ಓಣಿಯ ಮಿಕ್ಸರು, ನೀರಿನ ಪಂಪು, ಸ್ಕೂಟರು, ಕಾರು ಎಲ್ಲವೂ ಅವರ ಪಾಲಿಗೆ ಬಂದವು. ಬಿಳಿ ಧೋತರ, ಬಿಳಿ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿಕೊಂಡು ಒರೆಸಿಕೊಂಡು ಆ ವಿಭೂತಿಯ ಮೇಲೆ ಗ್ರೀಸಿನ ನಾಲ್ಕನೆಯ ಪಟ್ಟೆ ಎದ್ದಿರುತ್ತಿತ್ತು.

ಯಾರು ಏನು ತಂದರೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ.

“ಸಪ್ಪಳದ ಹೆಸರೇನು?”

ಒಮ್ಮೆ ಎದುರು ಮನೆಯ ಶಾಂತಕ್ಕ ಮಿಕ್ಸರು ಹೊತ್ತು ತಂದು, “ಸಪ್ಪಳ ಮಾಡಾಕತ್ತೈತಿ ನೋಡ್ರಿ ಕಾಕಾ,” ಎಂದಳು.

“ಎಲ್ಲಾ ಮಶೀನೂ ಸಪ್ಪಳ ಮಾಡತಾವವಾ. ಮಾಡಲಿಲ್ಲಂದ್ರ ಚಿಂತಿ ಮಾಡು. ಇದರ ಹೆಸರೇನು?”

ಶಾಂತಕ್ಕ ತುಸು ಯೋಚಿಸಿ, “ಗುರ್ರ್ ಅಂತೈತ್ರಿ. ನಮ್ಮ ಅತ್ತಿ ಸಿಟ್ಟಾದಾಗ ಅಂತಾರಲಾ, ಹಂಗ.”

“ಹಂಗಾದ್ರ ಕೆಟ್ಟಿಲ್ಲ. ಗಂಟಲದಾಗ ಏನೋ ಸಿಕ್ಕೊಂಡೈತಿ,” ಎಂದು ಕಾಕಾ ಬ್ಲೇಡಿನ ಕೆಳಗಿನಿಂದ ಹುಣಸೆಬೀಜ ತೆಗೆದುಕೊಟ್ಟರು. “ಅತ್ತಿಗೂ ಒಮ್ಮೆ ನೋಡಸು.”

ಅವರ ಲೆಕ್ಕದಲ್ಲಿ ಕನ್ನಡದ ಜೋಡಿಪದಗಳೆಲ್ಲ ರೋಗದ ಹೆಸರುಗಳು. ಗರಗರ ಅಂದರೆ ತಿರುಗುವ ವಸ್ತುವಿನ ದೂರು. ಕಟಕಟ ಅಂದರೆ ಎಲ್ಲೋ ಸಡಿಲಾಗಿದೆ. ಚರಚರ ಅಂದರೆ ಎಣ್ಣೆ ಒಣಗಿದೆ. ಕರಕರ ಅಂದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ. ಒಬ್ಬರ ಗರಗರ ಇನ್ನೊಬ್ಬರ ಕರಕರ ಆಗಬಾರದೇಕೆ, ಪದ ಸಾಕ್ಷಿ ಹೇಗಾಗುತ್ತದೆ ಎಂದು ನಾನು ತಕರಾರು ತೆಗೆಯುತ್ತಿದ್ದೆ. “ಅದಕ್ಕ ಒಬ್ಬರನ್ನ ಕೇಳೂದಿಲ್ಲ ವಕೀಲವ್ವ, ಮೂರು ಮಂದಿನ್ನ ಕೇಳತೇನಿ,” ಎನ್ನುತ್ತಿದ್ದರು. ನಾನು ವಕೀಲಿ ಓದುತ್ತಿರಲಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿದ್ದೆ. ವಾದ ಮಾಡುವವರೆಲ್ಲ ಅವರಿಗೆ ವಕೀಲರೇ.

ನಮ್ಮ ಮನೆಯ ಕಾರಿನ ಸಂಗತಿಗೆ ಬರುತ್ತೇನೆ.

ಅವ್ವ ಗಲಗಲಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಹದಿನಾಲ್ಕು ವರ್ಷ ಬನಹಟ್ಟಿಯಿಂದ ಜಮಖಂಡಿಗೆ ಒಂದು ಬಸ್ಸು, ಅಲ್ಲಿಂದ ಗಲಗಲಿಗೆ ಇನ್ನೊಂದು ಬಸ್ಸು ಹಿಡಿದು ಹೋಗಿಬಂದಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿತು, ಲೈಸೆನ್ಸು ಮಾಡಿಸಿ, ಯಾರೋ ಬಳಸಿ ಬಿಟ್ಟ ಸಣ್ಣ ಬಿಳಿ ಕಾರೊಂದನ್ನು ಕೊಂಡಳು. ಮೊದಲ ವಾರ ಸ್ಟೇರಿಂಗನ್ನು ಹಾವಿನ ಕುತ್ತಿಗೆಯಂತೆ ಹಿಡಿದಳು. ನಾಲ್ಕು ತಿಂಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತಾಳ್ಮೆಯಿಂದ ಹೋಗುವುದನ್ನೂ ಜಾಗ ಸಿಕ್ಕಾಗ ದಾಟುವುದನ್ನೂ ಕಲಿತಳು. ಅಷ್ಟರಲ್ಲಿ ಬ್ರೇಕು ಒತ್ತಿದಾಗ ಸಪ್ಪಳ ಬರತೊಡಗಿತು.

ಅಪ್ಪನದು ನೂಲಿನ ವ್ಯಾಪಾರ. ಮನುಷ್ಯ ಕೆಟ್ಟವನಲ್ಲ, ಹೆದರುವವನು. ಅವ್ವ ಮನೆಗೆ ಬರುವ ತನಕ ಅಂಗಡಿಯಲ್ಲಿ ನಿಂತೇ ಇರುತ್ತಿದ್ದ. ಸಪ್ಪಳ ಕೇಳಿದ ದಿನವೇ ಅವನು ತೀರ್ಪು ಕೊಟ್ಟ. ದಸರೆ ರಜೆ ಮುಗಿದು ಸೋಮವಾರ ಶಾಲೆ ತೆರೆಯುವುದರೊಳಗೆ ಬ್ರೇಕು ಸರಿಯಾಗಬೇಕು, ಇಲ್ಲವಾದರೆ ಕೊಳ್ಳಲು ಸಿದ್ಧನಿದ್ದ ಜಮಖಂಡಿಯವನೊಬ್ಬನಿಗೆ ಕಾರು ಕೊಟ್ಟುಬಿಡುವುದು. ಊರಿನ ಗ್ಯಾರೇಜಿನವನು ಹಬ್ಬಕ್ಕೆ ಹೋದವನು ಮುಂದಿನ ವಾರದವರೆಗೆ ಬರುವಂತಿರಲಿಲ್ಲ. ಹೀಗಾಗಿ ಶುಕ್ರವಾರ ಮುಂಜಾನೆ ಅವ್ವ ಕಾಕಾನನ್ನು ಕರೆಸಿದಳು.

ಕಾಕಾ ಅಂಗಳದಲ್ಲಿ ಕುಳಿತು ಮೂವರನ್ನೂ ಒಬ್ಬೊಬ್ಬರನ್ನಾಗಿ ವಿಚಾರಣೆ ಮಾಡಿದರು. ಒಬ್ಬರು ಹೇಳುವಾಗ ಇನ್ನೊಬ್ಬರು ಹತ್ತಿರ ಇರುವಂತಿಲ್ಲ. ಅಪ್ಪ ಗರಗರ ಎಂದ. ಅವ್ವ ಬಾಯಿಯಿಂದಲೇ “ಕರ್... ಕರ್...” ಎಂದು ಮಾಡಿ ತೋರಿಸಿದಳು. ಕಾಕಾ ಅವಳ ತುಟಿಯನ್ನೇ ದಿಟ್ಟಿಸಿ ಎರಡು ಸಲ ಮಾಡಿಸಿದರು. ನನ್ನ ಸರದಿ ಬಂದಾಗ, ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಸಿದ್ಧಳಾಗಿದ್ದ ನಾನು, “ಗ್ರೈಂಡಿಂಗ್ ನಾಯ್ಸ್,” ಎಂದೆ.

“ಅದು ಗರಗರ ಏನು, ಕರಕರ ಏನು?”

“ಎರಡಕ್ಕೂ ಅದನ್ನ ಅಂತಾರ.”

“ಪಾಪ,” ಎಂದರು ಕಾಕಾ. “ಹಂಗಾದ್ರ ಅವರು ಗಾಡಿ ಹ್ಯಾಂಗ ರಿಪೇರಿ ಮಾಡತಾರು?”

ಸಾಕ್ಷಿಗಳು ಒಂದಾಗಲಿಲ್ಲ. ಆದ್ದರಿಂದ ಕಾರು ಓಡಿಸಿಯೇ ನೋಡಬೇಕಾಯಿತು. ಆದರೆ ನಮ್ಮ ಓಣಿಯಲ್ಲಿ ಕಾರಿನ ಸಪ್ಪಳ ಕೇಳುವುದು ಸಾಧ್ಯವೇ? ಎಡಕ್ಕೂ ಬಲಕ್ಕೂ ಪವರ್‌ಲೂಮು. ಬೆಳಗಿನಿಂದ ಖಟಾಖಟ್ ಖಟಾಖಟ್. ಬನಹಟ್ಟಿಯವರು ಬೇರೆ ಊರಿಗೆ ಹೋದರೆ ಯಾಕಿಷ್ಟು ಚೀರುತ್ತೀರಿ ಎಂದು ಕೇಳಿಸಿಕೊಳ್ಳುವುದು ಇದೇ ಕಾರಣಕ್ಕೆ. ಕಾಕಾ ಹೇಳಿದ್ದು ಇಷ್ಟೇ. “ಕರೆಂಟ್ ಹೋಗಲಿ, ಆಮ್ಯಾಲ ನೋಡೂನು.”

ಊರೆಲ್ಲ ಶಪಿಸುವ ಗಳಿಗೆಗಾಗಿ ಅವರು ಕಟ್ಟೆಯ ಮೇಲೆ ಚುರಮುರಿ ತಿನ್ನುತ್ತ ಕಾದರು. ಹನ್ನೊಂದಕ್ಕೆ ಕರೆಂಟ್ ಹೋಯಿತು. ಮಗ್ಗಗಳು ಒಂದರ ಹಿಂದೊಂದು ಬಾಯಿ ಮುಚ್ಚಿದವು. ಎಲ್ಲಿಂದಲೋ ಕಾಗೆಯ ಕೂಗು ಕೇಳಿಸಿತು.

“ಹೂಂ, ಅಕ್ಕಾರ, ನಡೀರಿ,” ಎಂದರು ಕಾಕಾ. ಶಿಕ್ಷಕಿಯಾದ ನಮ್ಮವ್ವ ಇಡೀ ಓಣಿಗೆ ಅಕ್ಕಾರು.

ಚಪ್ಪಲಿ ಬಿಟ್ಟರು, ಕಾರು ಹತ್ತಿದರು. ಅವ್ವ ಓಣಿಯುದ್ದಕ್ಕೂ ನಡಿಗೆಯ ವೇಗದಲ್ಲಿ ಓಡಿಸಿ ನಾಲ್ಕು ಕಡೆ ಬ್ರೇಕು ಒತ್ತಿದಳು. ಕಾಕಾ ಕಣ್ಣು ಮುಚ್ಚಿ ಕುಳಿತಿದ್ದರು. ಒಮ್ಮೆ ಮುಂದಿನ ಸೀಟಿನಲ್ಲಿ, ಒಮ್ಮೆ ಹಿಂದಿನ ಸೀಟಿನಲ್ಲಿ. ಇಳಿದು ಹೇಳಿದರು: “ಎಡಗಡೆ ಮುಂದಿನ ಗಾಲಿ. ಕರಕರನ. ಬ್ರೇಕಿನ ಪ್ಯಾಡ್ ತೀರೇತಿ.”

ಇಲ್ಲಿ ನನ್ನ ತರಬೇತಿ ಕೆಲಸಕ್ಕೆ ಬಂತು. ಎದುರು ಪಕ್ಷದ ಹೇಳಿಕೆಯನ್ನು ಪರೀಕ್ಷಿಸದೆ ಒಪ್ಪಬಾರದು. ನಾನು ಟಾರ್ಚ್ ತಂದು ಆ ಗಾಲಿಯ ಸಂದಿಯಲ್ಲಿ ಇಣುಕಿದೆ. ಗಾಲಿಯ ಜೊತೆ ತಿರುಗುವ ಉಕ್ಕಿನ ತಟ್ಟೆಯೂ ಅದನ್ನು ಒತ್ತಿ ನಿಲ್ಲಿಸುವ ಪ್ಯಾಡೂ ಕಂಡವು. ಪ್ಯಾಡು ಬಿಸ್ಕೀಟಿನಷ್ಟು ದಪ್ಪ ಇತ್ತು. ತೀರಿದ ಲಕ್ಷಣವೇ ಇಲ್ಲ.

“ಕಾಕಾ, ಪ್ಯಾಡ್ ಛಲೋ ಐತಿ,” ಎಂದೆ.

ಕಾಕಾ ನನಗೆ ಬೆನ್ನು ಮಾಡಿ ಕಾರಿನ ಬಾಗಿಲ ಬಳಿ ಬಗ್ಗಿದ್ದರು. ಉತ್ತರವಿಲ್ಲ. ಮತ್ತೆ ಹೇಳಿದೆ. ಇಲ್ಲ. ಮಗ್ಗ ನಿಂತ ಆ ಮೌನದಲ್ಲಿ ನನಗೆ ಏನೋ ಹೊಳೆಯಿತು. ಅವರ ಬೆನ್ನ ಹಿಂದೆ ನಿಂತು ಸಹಜ ದನಿಯಲ್ಲಿ, “ಕಾಕಾ, ನಿಮ್ಮ ಮನಿಗೆ ಬೆಂಕಿ ಬಿದ್ದೈತಿ,” ಎಂದೆ. ಅವರು ಹೆಗಲ ಟವೆಲು ಕೊಡವಿ ಮತ್ತೆ ಹಾಕಿಕೊಂಡರು, ಅಷ್ಟೇ.

ಯಾರಿಗೂ ಯಾರ ಮಾತೂ ಕೇಳದ ಊರಿನಲ್ಲಿ, ಎಲ್ಲರೂ ಚೀರಿಯೇ ಮಾತಾಡುವ ಊರಿನಲ್ಲಿ, ಈ ಮನುಷ್ಯನ ಕಿವಿ ಹೋಗಿರುವುದನ್ನು ಯಾರೂ ಗಮನಿಸಿರಲಿಲ್ಲ! ನನಗೆ ಫೈನಲ್ ಗೆದ್ದಷ್ಟು ಸಂತೋಷವಾಯಿತು. ಅಪ್ಪನ ಕಡೆ ತಿರುಗಿ ವಾದ ಮಂಡಿಸಿದೆ. “ಅಪ್ಪಾ, ಒಂದು, ಪ್ಯಾಡ್ ತೀರಿಲ್ಲ, ಕಣ್ಣಾರೆ ನೋಡೇನಿ. ಎರಡು, ಕಾಕಾಗ ಕಿವಿ ಕೇಳಸೂದಿಲ್ಲ. ಕಿವುಡರನ್ನ ಕರಕೊಂಡು ಬಂದು ಸಪ್ಪಳ ಕೇಳಾಕತ್ತೇವಿ ನಾವು.”

ಅಪ್ಪ ಒಂದು ಕ್ಷಣ ಕಾಕಾನ ಬೆನ್ನು ನೋಡಿದ. “ಹೌದಲಾ,” ಎಂದ. “ಬ್ರೇಕ್ ಅಂದ್ರ ಆಟ ಅಲ್ಲ. ಬ್ಯಾಡ, ಆತು. ಸೋಮವಾರ ಜಮಖಂಡಿಯವಗ ಕೊಟ್ಟ ಬಿಡತೇನಿ.”

ಕಾಕಾ ತಿರುಗಿ ನಮ್ಮ ಮೂವರ ಮುಖ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ನಿಧಾನವಾಗಿ ಮನೆಗೆ ನಡೆದರು.

ಅವ್ವ ಕಾರಿನ ಕೀಲಿಯನ್ನು ಗೂಟಕ್ಕೆ ಸಿಕ್ಕಿಸಿ, “ಛಲೋ ವಾದ ಮಾಡತಿ ನೀನು,” ಎಂದಳು. “ಈಗ ನನ್ನ ಬಸ್ ಪಾಸೂ ನೀನ ಮಾಡಿಸಿ ಕೊಡು.”

ಗೆದ್ದ ವಾದವೊಂದು ನನ್ನ ಗಂಟಲಿಗೇ ಸಿಕ್ಕಿಕೊಂಡದ್ದು ಅದೇ ಮೊದಲು. ನಾನು ಕಾಕಾನನ್ನು ಸೋಲಿಸಲು ಹೋಗಿ ಅವ್ವನ ಕಾರು ಮಾರಿಸಿದ್ದೆ. ಮೇಲಾಗಿ ಪ್ಯಾಡು ಛಲೋ ಇದ್ದರೆ ಸಪ್ಪಳ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಎದುರಾಳಿ ಚುರುಕಿನವನಾಗಿದ್ದರೆ ಮೊದಲು ಅಲ್ಲಿಯೇ ಹಿಡಿಯುತ್ತಿದ್ದ.

ಶನಿವಾರ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು.

“ಬಾರವಾ ವಕೀಲವ್ವ. ನಮ್ಮ ಮನಿ ಬೆಂಕಿ ಆರೇತಿ, ಚಿಂತಿ ಮಾಡಬ್ಯಾಡ.”

“ಕೇಳಿಸಿತ್ತೇನ್ರಿ ಕಾಕಾ?”

“ಇಲ್ಲ. ಕಾಣಿಸಿತು. ಬಾಗಲದ ಗಾಜಿನ್ಯಾಗ ನಿನ್ನ ಬಾಯಿ ಸ್ವಚ್ಛ ಕಾಣತಿತ್ತು. ಮಗ್ಗದಾಗ ದುಡದಾವ್ರಿಗೆ ತುಟಿ ಓದೂದು ಬರತೈತಿ, ಅಲ್ಲೆ ಕಿವಿ ಇಟ್ಟಕೊಂಡು ಯಾರು ಮಾತಾಡತಾರು?”

“ಮತ್ತ ಉತ್ತರ ಯಾಕ ಕೊಡಲಿಲ್ಲ? ಕೊಟ್ಟಿದ್ರ ನಾನ ಸೋಲತಿದ್ದೆ.”

“ಕೊಟ್ಟಿದ್ರ ಕಾಕಾನ ಕಿವಿ ಛಲೋ ಅದಾವು ಅಂತಿದ್ದಿ. ಅದು ಸುಳ್ಳ ಆಗತಿತ್ತಲ್ಲೇನು?” ಎಂದು ಬಸಿಯನ್ನು ಕೆಳಗಿಟ್ಟರು. “ಕಿವುಡ ಖರೆ. ಹತ್ತು ವರ್ಷ ಆತು. ಆದ್ರ ಸಪ್ಪಳ ಕಿವಿಗೆ ಬರೂಕಿಂತ ಮೊದಲ ನೆಲಕ್ಕ ಬರತೈತಿ.”

ಆಗ ಚಪ್ಪಲಿಯ ಗುಟ್ಟು ಹೊರಬಿತ್ತು. ಶೆಡ್ಡಿನಲ್ಲಿ ಇಪ್ಪತ್ತು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ಯಾವ ಮಗ್ಗ ಕೆಟ್ಟಿದೆ ಎಂದು ಕಿವಿಯಿಂದ ತಿಳಿಯುವುದಿಲ್ಲ. ಜಾಬರ್ ಬರಿಗಾಲಲ್ಲಿ ಅವುಗಳ ನಡುವೆ ನಡೆಯುತ್ತಾನೆ, ಅಂಗಾಲು ಹೇಳುತ್ತದೆ. ಕಾರಿನ ನೆಲವೂ ಹಾಗೆಯೇ. ಬ್ರೇಕು ಒತ್ತಿದಾಗ ಎಡಗಾಲ ಹೆಬ್ಬೆರಳಿನ ಕೆಳಗೆ ಕರಕರ, ಗಾಲಿ ಬೇರಿಂಗು ಹೋಗಿದ್ದರೆ ಬ್ರೇಕು ಬಿಟ್ಟರೂ ನಿಲ್ಲದ ಗರಗರ. ಮಗ್ಗಗಳಿಂದ ಓಣಿಯ ನೆಲವೇ ನಡುಗುತ್ತಿರುವಾಗ ಅಷ್ಟು ಸಣ್ಣ ಕರಕರ ಅಂಗಾಲಿಗೆ ಸಿಗುವುದಿಲ್ಲ, ಅದಕ್ಕೇ ಕರೆಂಟ್ ಹೋಗಲೆಂದು ಕಾದದ್ದು. ಹೆಸರನ್ನು ಮಂದಿಯ ಬಾಯಿಂದ ಕೇಳುತ್ತಿದ್ದುದು ತಮ್ಮ ಅಂಗಾಲು ಹೇಳಿದ್ದಕ್ಕೆ ತಾಳೆ ನೋಡಲು. ಚಪ್ಪಾಳೆ ಗಿಟ್ಟಿಸಿದ ನನ್ನ ಉದಾಹರಣೆ ನೆನಪಾಗಿ, ಅದನ್ನೂ ಹೇಳಿಬಿಟ್ಟೆ. ಕಾಕಾ ಮೈ ಅಲುಗುವಂತೆ ನಕ್ಕರು. “ಕಪ್ಪ ತಗೊಂಡು ಬಾ. ಅರ್ಧಾ ನನ್ನದು.”

“ಆದ್ರ ಪ್ಯಾಡ್ ದಪ್ಪ ಐತಲ್ರಿ,” ಎಂದೆ. ಕ್ಷಮೆ ಕೇಳುವುದು ಬೇರೆ, ವಾದ ಬಿಡುವುದು ಬೇರೆ.

“ನೀ ನೋಡಿದ್ದು ಹೊರಗಿಂದು. ಒಳಗ ಒಂದು ಐತಿ. ನಡಿ, ಗಾಲಿ ಬಿಚ್ಚೂನು. ನನ್ನ ಮಾತೂ ಬ್ಯಾಡ, ನಿನ್ನ ಮಾತೂ ಬ್ಯಾಡ.”

ಅಪ್ಪ ಅಂಗಡಿಗೆ ಹೋಗಿದ್ದ. ಕಾಕಾ ಅಂಗಳದ ಮೂಲೆಯಲ್ಲಿ ಸ್ಟೂಲು ಹಾಕಿ ಕುಳಿತರು, ನಟ್ಟು ಬಿಚ್ಚುವ ಪಾನಾ ನನ್ನ ಕೈಗೆ ಕೊಟ್ಟರು. ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿಸಿದರು. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜ್ಯಾಕು ಏರಿಸಬೇಕು. ಏರಿಸಿದ ಮೇಲೆ ದಪ್ಪ ಮರದ ದಿಮ್ಮಿ ಕೆಳಗೆ ಕೊಡಿಸಿ, ಬಿಚ್ಚಿದ ಗಾಲಿಯನ್ನೂ ಅದರ ಬದಿಗೆ ಮಲಗಿಸಿದರು. “ಜ್ಯಾಕ್ ಇರೂದು ಎತ್ತಾಕ, ಹಿಡಿಯಾಕಲ್ಲ.” ಬ್ರೇಕಿನ ಮೇಲೆ ಕೂತಿದ್ದ ಕಪ್ಪು ಪುಡಿ ಊದಲು ಬಾಯಿ ಹತ್ತಿರ ಒಯ್ದಾಗ ಟವೆಲಿನಿಂದ ಕೈಗೆ ಹೊಡೆದರು. ಒದ್ದೆ ಬಟ್ಟೆಯಿಂದ ಒರೆಸಬೇಕು, ಆ ಧೂಳು ಎದೆಗೆ ಹೋಗಬಾರದು.

ತಟ್ಟೆಯನ್ನು ಎರಡೂ ಕಡೆಯಿಂದ ಅಮುಕುವ ಕ್ಯಾಲಿಪರನ್ನು ಬಿಚ್ಚಿ, ಅದರ ರಬ್ಬರು ಕೊಳವೆ ಜಗ್ಗದ ಹಾಗೆ ನೂಲಿನ ಹಗ್ಗದಿಂದ ಮೇಲೆ ಕಟ್ಟಿದೆ. ಹೊರಗಿನ ಪ್ಯಾಡು ಕೈಗೆ ಬಂತು, ಬಿಸ್ಕೀಟಿನ ದಪ್ಪ. ಒಳಗಿನದು ಬಂತು. ಅದರಲ್ಲಿ ಬರೀ ಕಬ್ಬಿಣದ ತಗಡು ಉಳಿದಿತ್ತು. ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಹತ್ತಿರ ಬಂದು ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟು ತೂಗಿ ನೋಡಿದಳು.

“ಒಂದ ತಾಯಿ ಮಕ್ಕಳು,” ಎಂದಳು. “ಒಬ್ಬಾವ ಉಂಡ, ಇನ್ನೊಬ್ಬಾವ ದುಡದ.”

“ಬರೋಬ್ಬರಿ ಅಂದ್ರಿ ಅಕ್ಕಾರ,” ಎಂದು ಕಾಕಾ ಕ್ಯಾಲಿಪರು ಆಚೀಚೆ ಜಾರುವ ಪಿನ್ನನ್ನು ತೋರಿಸಿದರು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಿನ್ನು ಜಾರದಿದ್ದರೆ ಹೊರಗಿನ ಪ್ಯಾಡು ತಟ್ಟೆಗೆ ಒತ್ತುವುದೇ ಇಲ್ಲ, ಎಲ್ಲ ಭಾರ ಒಳಗಿನದರ ಮೇಲೆ. ಬರೀ ಪ್ಯಾಡು ಬದಲಿಸಿ ಪಿನ್ನು ಬಿಟ್ಟಿದ್ದರೆ ಮತ್ತೆ ಕೆಲವೇ ತಿಂಗಳಲ್ಲಿ ಇದೇ ಕರಕರ. ತಟ್ಟೆಯ ಮೇಲೆ ಉಗುರು ಎಳೆದು ನೋಡಿ, “ಗೆರಿ ಬಿದ್ದಾವು, ಉಗುರ ಸಿಗೂವಷ್ಟಿಲ್ಲ. ನಡೀತೈತಿ,” ಎಂದರು.

ಹಳೆಯ ಪ್ಯಾಡನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಜಮಖಂಡಿಗೆ ಹೋಗಿ, ಮುಂದಿನ ಎರಡೂ ಗಾಲಿಗೆ ಹೊಸ ಪ್ಯಾಡು, ಬ್ರೇಕಿಗೆ ಹಾಕುವ ಬೇರೆಯ ಗ್ರೀಸು ತಂದೆ. ಒಂದು ಗಾಲಿಗಷ್ಟೇ ಸಾಕಲ್ಲ ಎಂದು ಹೊರಡುವ ಮೊದಲು ಕೇಳಿದಾಗ ಕಾಕಾ, “ಒಂದ ಕಾಲಿಗೆ ಹೊಸಾ ಚಪ್ಪಲಿ ಹಾಕ್ಕೊಂಡು ಓಡು ನೋಡೂನು,” ಎಂದರು. ಪಿನ್ನು ಉಜ್ಜಿ ಬೆರಳಲ್ಲಿ ಜಾರುವಂತೆ ಮಾಡಿದೆವು. ಹೊಸ ದಪ್ಪ ಪ್ಯಾಡಿಗೆ ಜಾಗ ಬೇಕಲ್ಲ, ಬಡಿಗೇರ ಮನೆಯ ಕ್ಲ್ಯಾಂಪಿನಿಂದ ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ನಿಧಾನವಾಗಿ ಒಳಗೆ ಒತ್ತಿದೆವು. ನಾಲ್ಕು ಗಂಟೆಗೆ ಎರಡೂ ಗಾಲಿ ನೆಲ ಮುಟ್ಟಿದವು. ನಾನು ಕೈ ಒರೆಸಿಕೊಳ್ಳದೆ ಸೀಟಿಗೆ ಹಾರಿ, ಹಿಂದಿನ ಗಾಲಿಯ ಕಲ್ಲು ತೆಗೆಯಿರಿ ಎಂದು ಕೂಗಿ ಕೀಲಿ ತಿರುಗಿಸಿದೆ.

ಕಾಕಾ ಕಲ್ಲು ತೆಗೆಯಲಿಲ್ಲ. ಅದರ ಮೇಲೆಯೇ ಕಾಲಿಟ್ಟು ನಿಂತು, “ಬ್ರೇಕ್ ಒತ್ತು,” ಎಂದರು.

ಒತ್ತಿದೆ. ಪೆಡಲು ಸೀದಾ ನೆಲಕ್ಕೆ ಹೋಯಿತು. ಏನೂ ಹಿಡಿಯಲಿಲ್ಲ! ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ಶಾಂತಕ್ಕನ ಮನೆಯ ಗೋಡೆ.

“ಇನ್ನೊಮ್ಮೆ. ಇನ್ನೊಮ್ಮೆ. ಒತ್ತತಾ ಹೋಗು.”

ಆರನೆಯ ಸಲಕ್ಕೆ ಪೆಡಲು ಗಟ್ಟಿಯಾಯಿತು. ಹಿಂದಕ್ಕೆ ಒತ್ತಿದ ಪಿಸ್ಟನ್ನು ಮರಳಿ ಪ್ಯಾಡನ್ನು ಮುಟ್ಟುವ ತನಕ ಬ್ರೇಕು ಇರುವುದಿಲ್ಲ ಎಂಬುದು ಆ ಮೂರೂ ವಿಡಿಯೋದಲ್ಲಿ ಇದ್ದಿರಬೇಕು. ನಾನು ಕೊನೆಯವರೆಗೆ ನೋಡಿರಲಿಲ್ಲ. ಕಾಕಾ ಬಾನೆಟ್ ತೆರೆದು ಬ್ರೇಕಿನ ಎಣ್ಣೆಯ ಮಟ್ಟ ನೋಡಿ, ಆಮೇಲಷ್ಟೇ ಕಲ್ಲು ತೆಗೆದರು. ಬೈಯಲಿಲ್ಲ. “ಗಾಡಿ ಹೊರಡೂಕಿಂತ ಮೊದಲ ನಿಲ್ಲತೈತೋ ಇಲ್ಲೋ ನೋಡಬೇಕು ವಕೀಲವ್ವ. ಮಾತಿಗೂ ಅದ,” ಎಂದರು. ಈಗ ವೇದಿಕೆ ಏರುವ ಮೊದಲು ನಾನು ಪ್ರತಿ ಸಲ ನೆನೆಸಿಕೊಳ್ಳುವುದು ಯಾವ ಪ್ರಾಧ್ಯಾಪಕರ ಪಾಠವನ್ನೂ ಅಲ್ಲ.

ಅಪ್ಪನನ್ನು ಒಪ್ಪಿಸುವ ಕೆಲಸ ನನ್ನದಾಯಿತು. ಚರ್ಚಾ ಸ್ಪರ್ಧೆಯಲ್ಲಿ ಪರ ವಿರೋಧ ಎರಡೂ ಕಡೆ ಮಾತಾಡುವುದು ಕಲಿತವಳು ನಾನು. ಆದರೆ ನಿನ್ನೆಯ ನನ್ನದೇ ಮಾತನ್ನು ಅಪ್ಪನೆದುರು ಮುರಿಯುವುದು ಕಷ್ಟವೇ ಆಯಿತು. ಹೆಚ್ಚು ಮಾತಾಡದೆ ಎರಡು ಹಳೆಯ ಪ್ಯಾಡುಗಳನ್ನು ರಾತ್ರಿ ಅವನ ಊಟದ ತಟ್ಟೆಯ ಪಕ್ಕ ಇಟ್ಟು, “ನಾ ಹೊರಗಿಂದಷ್ಟ ನೋಡಿದ್ದೆ ಅಪ್ಪಾ,” ಎಂದೆ. ಭಾನುವಾರ ಬೆಳಿಗ್ಗೆ ಅವ್ವ ಅವನನ್ನು ಕೂಡಿಸಿಕೊಂಡು ಜಮಖಂಡಿ ರಸ್ತೆಗೆ ಹೋದಳು. ಊರ ಹೊರಗೆ, ಮಗ್ಗದ ಸದ್ದು ಮುಟ್ಟದ ಕಡೆ, ಕಬ್ಬಿನ ಹೊಲಗಳ ನಡುವೆ ಹತ್ತು ಸಲ ನಿಲ್ಲಿಸಿ ಹತ್ತು ಸಲ ಹೊರಟಳಂತೆ. ಮರಳಿ ಬಂದ ಅಪ್ಪ ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದ. “ಇಲ್ರೀ, ಗಾಡಿ ಕೊಡೂದಿಲ್ಲ. ನಮ್ಮನಿಯವರು ಸಾಲಿಗೆ ಹೊಡಕೊಂಡು ಹೋಗತಾರು,” ಎನ್ನುವುದು ಮಗ್ಗಗಳ ಗದ್ದಲದಲ್ಲಿಯೂ ನಮಗೆಲ್ಲ ಕೇಳಿಸಿತು. ಬನಹಟ್ಟಿಯವನಲ್ಲವೇ.

ಮುಂದಿನ ಒಂದೂವರೆ ವರ್ಷ ಕಾಕಾ ಮತ್ತು ನಾನು ಎಷ್ಟು ವಾದ ಮಾಡಿದೆವೋ. ವಿಭೂತಿಯ ಬಗ್ಗೆ, ಜಾತಕದ ಬಗ್ಗೆ, ಡೀಸೆಲ್ಲು ಒಳ್ಳೆಯದೋ ಪೆಟ್ರೋಲು ಒಳ್ಳೆಯದೋ ಎಂಬುದರ ಬಗ್ಗೆ. ಅವರಿಗೆ ಎದುರು ಕುಳಿತು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಬೇಕು. ಹಾಗೆ ಹೇಳುವಾಗ ನನ್ನ ಅರ್ಧ ವಾದಗಳು ನನಗೇ ಪೊಳ್ಳಾಗಿ ಕಾಣುತ್ತಿದ್ದವು. ಸೋತರೂ ಸಿಟ್ಟು ಬಾರದ ಏಕೈಕ ಎದುರಾಳಿ ಅವರು. ದೇವರ ವಿಷಯದಲ್ಲಿ ನಾನು ಅವರನ್ನು ಒಪ್ಪಿಸಲಿಲ್ಲ, ಅವರು ನನ್ನನ್ನು ಒಪ್ಪಿಸಲಿಲ್ಲ. ಚಹಾ ಮಾತ್ರ ಪ್ರತಿ ಸಲ ಎರಡು ಬಸಿ ಬರುತ್ತಿತ್ತು.

ಮಂಡಿ ನೋವು ಹೆಚ್ಚಾಗಿ ಅವರು ಮುಧೋಳದ ಮಗಳ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಅಳಿಯ ಜೀಪು ಕಳಿಸುತ್ತೇನೆಂದ. ಕಾಕಾ ಬೇಡವೆಂದರು. “ಅಕ್ಕಾರ ಗಾಡಿ ಐತಿ.”

ಒಂದು ರವಿವಾರ ಅವ್ವ ಓಡಿಸಿದಳು, ಅವರು ಮುಂದೆ ಕುಳಿತರು, ನಾನು ಅವರ ಟ್ರಂಕಿನ ಜೊತೆ ಹಿಂದೆ. ಅವ್ವ ಏನೋ ಹೇಳಲು ಬಾಯಿ ತೆರೆದಾಗ ಕಾಕಾ ಕೈ ಅಡ್ಡ ಮಾಡಿದರು. “ಮಾತ ಬ್ಯಾಡ್ರಿ. ನಾ ತಿಳಕೋಬೇಕಂದ್ರ ನೀವು ನನ್ನ ಕಡೆ ಮಾರಿ ಮಾಡಬೇಕು. ಆಮ್ಯಾಲ ರಸ್ತೆ ಯಾರ ನೋಡತಾರು?” ಹೀಗಾಗಿ ಮುಧೋಳದವರೆಗೆ ಮೂವರೂ ಸುಮ್ಮನೆ ಕುಳಿತು ಹೋದೆವು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಕೈ ತೋರಿಸದೆ ಅಡ್ಡ ತಿರುಗಿತು. ಅವ್ವ ಒತ್ತಿದಳು, ಕಾರು ನಿಂತಿತು. ಕಾಕಾ ಕಿಡಕಿಯಾಚೆ ಯಾರದೋ ಹೊಲದ ಅರಿಶಿನವನ್ನು ನೋಡುತ್ತಿದ್ದವರು ಹಾಗೆಯೇ ನೋಡುತ್ತಿದ್ದರು.

ಮಗಳ ಮನೆಯಲ್ಲಿ ಅಳಿಯ ಚಹಾ ಕೊಟ್ಟು, ಅತ್ತಿತ್ತ ನೋಡಿ, “ಡ್ರೈವರಗೂ ಚಹಾ ಕೊಡ್ರಿ, ಎಲ್ಲಿ ಹೋದಾ?” ಎಂದ. ಕಾಕಾ ಅವನ ತುಟಿಯನ್ನು ಓದಿ, “ಕೊಟ್ಟಿದ್ದಿ ನೋಡಪ್ಪ,” ಎಂದು ಅವ್ವನ ಕೈಯಲ್ಲಿದ್ದ ಕಪ್ಪು ತೋರಿಸಿದರು.

ಅದೇ ವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಿದ್ದೆಯಲ್ಲಿ, ನೋವಿಲ್ಲದೆ ಎಂದು ಮಗಳು ಹೇಳಿದಳು. ಫೋನಿನಲ್ಲಿ ಮಾತಾಡಲು ಬರದ ಮನುಷ್ಯನಾದ್ದರಿಂದ ಆ ರವಿವಾರದ ನಂತರ ನಮ್ಮ ನಡುವೆ ಒಂದು ಮಾತೂ ಆಗಿರಲಿಲ್ಲ.

ಆ ರವಿವಾರ ಮುಧೋಳದಿಂದ ನಾವು ಹೊರಡುವಾಗ ಅವರು ಬಾಗಿಲವರೆಗೆ ಬಂದರು. ಅವ್ವ ಕಾರು ಚಾಲು ಮಾಡಿದಳು. ಹೋಗಿ ಬನ್ನಿ ಎಂದು ಕೈ ಬೀಸುತ್ತಾರೆ ಎಂದುಕೊಂಡರೆ ಅವರು ಕುಂಟುತ್ತ ಕಾರಿನ ಹಿಂದೆ ಹೋಗಿ ನಿಂತು, ಬ್ರೇಕು ಒತ್ತುವಂತೆ ಅಂಗೈಯಿಂದ ಸನ್ನೆ ಮಾಡಿದರು. ಅವ್ವ ಒತ್ತಿದಳು. ಹಿಂದಿನ ಗಾಜಿನಿಂದ ನಾನು ನೋಡಿದೆ. ಅವರ ಬಿಳಿ ಧೋತರದ ಮೇಲೆ ಎಡಕ್ಕೊಂದು ಬಲಕ್ಕೊಂದು ಕೆಂಪು ಬೆಳಕು ಬಿದ್ದಿತ್ತು. ಅದನ್ನು ಬಗ್ಗಿ ನೋಡಿಕೊಂಡು, ಎರಡೂ ಉರಿಯುತ್ತಿವೆ ಎಂದು ಎರಡು ಬೆರಳು ಎತ್ತಿ ತೋರಿಸಿದರು.

ಅವ್ವ ಕನ್ನಡಿಯಲ್ಲಿ ನೋಡಿ ತಲೆಯಾಡಿಸಿ ಬ್ರೇಕಿನಿಂದ ಕಾಲು ತೆಗೆದಳು. ಧೋತರ ಮತ್ತೆ ಬೆಳ್ಳಗಾಯಿತು.